ಮಾಗಡಿ ಕೆರೆಯ ಪಾಠ ಯಾರು ಬರೆಯಬೇಕು?

ಕಳೆದ ಡಿಸೆಂಬರ್‌ನಲ್ಲಿ ಇಂಟರ್ನ್‌ಶಿಪ್‌ಗೆಂದು ಶಿರಹಟ್ಟಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿಯ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಘಟಕವನ್ನು ಅಲ್ಲಿನ ಮಾರ್ಗದರ್ಶಕ ಶಿಕ್ಷಕರು ನನಗೆಂದೇ ಉಳಿಸಿದ್ದರು. ಪಾಠ ಯೋಜನೆಯನ್ನು 5ಇ ಮಾದರಿಯಲ್ಲಿ ಬರೆದೆ. ತೊಡಗಿಸಿಕೊಳ್ಳುವಿಕೆಯ ಹಂತಕ್ಕೆ ವಲಸೆ ಹಕ್ಕಿಗಳ ಬಗ್ಗೆ ಯೂಟ್ಯೂಬಿನಿಂದ ಆರು ನಿಮಿಷದ ಒಂದು ವಿಡಿಯೊ ಇಳಿಸಿಕೊಂಡೆ. ಮಾತು ಇಂಗ್ಲಿಷಿನಲ್ಲಿತ್ತು, ನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದರಾಯಿತು ಎಂದುಕೊಂಡೆ. ವಿಡಿಯೊದಲ್ಲಿ ಇದ್ದದ್ದು ರಾಜಸ್ಥಾನದ ಭರತಪುರಕ್ಕೆ ಬರುವ ಸೈಬೀರಿಯನ್ ಕ್ರೇನ್.

ಲ್ಯಾಪ್‌ಟಾಪಿನ ಸುತ್ತ ಮಕ್ಕಳು ಗುಂಪುಗೂಡಿ ನೋಡಿದರು. ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತ.

“ಟೀಚರ್, ಇವು ನಮ್ಮ ಕಡೆ ಬರೂದಿಲ್ರಿ. ನಮ್ಮ ಕೆರಿಗೆ ಬರೂವು ಬ್ಯಾರೆ ಅದಾವ್ರಿ. ತಲಿಮ್ಯಾಲೆ ಎರಡು ಕರಿ ಪಟ್ಟಿ ಇರ್ತಾವು.”

“ಯಾವ ಕೆರಿ?”

“ಮಾಗಡಿ ಕೆರಿರೀ. ಕತ್ತಲಾದಮ್ಯಾಲೆ ಹೊಲಕ್ಕ ಬಂದು ಕಡ್ಲಿ ತಿಂದ ಹೊಕ್ಕಾವು. ನಮ್ಮ ಮುತ್ಯಾ ಬೈಕೊಂತ ಕುಂದರ್ತಾನ್ರಿ.”

ತರಗತಿ ನಕ್ಕಿತು. “ಚೊಲೋ ಆತು, ಆಮ್ಯಾಲೆ ಮಾತಾಡೋಣು” ಎಂದು ನಾನು ಮುಂದಿನ ಹಂತಕ್ಕೆ ಹೋದೆ. ನಲವತ್ತು ನಿಮಿಷದಲ್ಲಿ ಮೌಲ್ಯಮಾಪನದವರೆಗೆ ಮುಟ್ಟಬೇಕಿತ್ತು. ವೀಕ್ಷಣಾ ಹಾಳೆಯಲ್ಲಿ ಆ ದಿನ ನನಗೆ ಬಂದ ಷರಾ: ‘ದೃಕ್-ಶ್ರವಣ ಸಾಧನದ ಬಳಕೆ ಉತ್ತಮವಾಗಿದೆ.’

ಸಂಜೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕತೊಡಗಿದಾಗ ಮೊದಲು ತಿಳಿದದ್ದು ನಾಚಿಕೆಪಡುವ ಸಂಗತಿ. ಭರತಪುರಕ್ಕೆ ಸೈಬೀರಿಯನ್ ಕ್ರೇನ್ ಬರುವುದು 2002ರ ಸುಮಾರಿಗೇ ನಿಂತುಹೋಗಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಬರುವುದನ್ನು ಬಿಟ್ಟ ಹಕ್ಕಿಯನ್ನು ‘ಪ್ರತಿ ಚಳಿಗಾಲದಲ್ಲಿ ಬರುತ್ತದೆ’ ಎಂದು ಮಕ್ಕಳಿಗೆ ಹೇಳಿ ಬಂದಿದ್ದೆ. ಅದೇ ಹೊತ್ತಿಗೆ ಶಾಲೆಯಿಂದ ಸೈಕಲ್ಲಿನಲ್ಲಿ ಹೋಗಬಹುದಾದಷ್ಟು ದೂರದಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ನೀರಿನ ಮೇಲೆ ಕೂತಿದ್ದವು. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಉಪಕರಣ ಕಟ್ಟಿ ದಾಖಲಿಸಿದ್ದಾರೆ. ಅದರ ರಕ್ತದ ಹಿಮೋಗ್ಲೋಬಿನ್ ತಗ್ಗು ನಾಡಿನ ಬಾತುಗಳದ್ದಕ್ಕಿಂತ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಗಾಳಿ ವಿರಳವಾದಲ್ಲಿಯೂ ಅದು ಉಸಿರಾಡಬಲ್ಲದು. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಕೆರೆಯಾದರೂ ಏನು ಕಡಿಮೆಯದೆ? ಹೊಲಗಳಿಗೆ ನೀರುಣಿಸಲು ಜನ ಕಟ್ಟಿದ ಸುಮಾರು 50 ಹೆಕ್ಟೇರಿನ ಕೆರೆ ಅದು. 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಗೆ ಸೇರಿದ್ದು ನಮ್ಮ ರಾಜ್ಯದ ಅಂಕಸಮುದ್ರ ಮತ್ತು ಅಘನಾಶಿನಿ. ನನ್ನೂರು ಲಕ್ಷ್ಮೇಶ್ವರದಿಂದ ಅಲ್ಲಿಗೆ ಹತ್ತು-ಹನ್ನೊಂದು ಕಿಲೊಮೀಟರ್. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದ ನಾನು ಆ ದಿನದವರೆಗೆ ಒಮ್ಮೆಯೂ ಅಲ್ಲಿ ಇಳಿದು ನೋಡಿರಲಿಲ್ಲ.

ಪಠ್ಯಪುಸ್ತಕದ ಮೇಲೆ ತಪ್ಪು ಹೊರಿಸುವುದು ಸುಲಭ. ಆ ಪಾಠ ಎನ್‌ಸಿಇಆರ್‌ಟಿಯದು. ಅದರಲ್ಲಿ ಮಕ್ಕಳನ್ನು ಕರೆದೊಯ್ಯುವುದು ಮಧ್ಯಪ್ರದೇಶದ ಪಚ್‌ಮಡಿ ಜೀವಗೋಳ ಮೀಸಲು ಪ್ರದೇಶಕ್ಕೆ. ನಮಗೆ ಕಪ್ಪತಗುಡ್ಡವಿದೆ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕುಗಳ ಮಕ್ಕಳಿಗೆ ಅದು ಕಣ್ಣಿಗೆ ಕಾಣುವ ಗುಡ್ಡ. 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, 2016ರಲ್ಲಿ ಹಿಂದಕ್ಕೆ ಪಡೆದರು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹೋರಾಡಿದ ಮೇಲೆ 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ವನ್ಯಜೀವಿಧಾಮವಾಯಿತು. ‘ಸಂರಕ್ಷಣೆ ಎಂದರೇನು, ಯಾರು ಮಾಡುತ್ತಾರೆ, ಯಾಕೆ ಕಷ್ಟ’ ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಉತ್ತರವಿದೆ. ಆದರೆ ದೇಶಕ್ಕೆಲ್ಲ ಒಂದೇ ಪುಸ್ತಕ ಬರೆಯುವವರು ಪ್ರತಿ ಜಿಲ್ಲೆಯ ಗುಡ್ಡವನ್ನು ಅದರಲ್ಲಿ ಹಾಕಲಾರರು. ಹಾಕಬೇಕಾದವರು ಇಲ್ಲಿರುವವರು, ಎಂದರೆ ನಾವು.

ಮರುವಾರ ಅದೇ ಪಾಠವನ್ನು ಇನ್ನೊಂದು ವಿಭಾಗಕ್ಕೆ ಮಾಡುವ ಅವಕಾಶ ಸಿಕ್ಕಿತು. ಈ ಸಲ ವಿಡಿಯೊ ಬಿಟ್ಟೆ. ಎರಡು ದಿನ ಮೊದಲೇ ಮಕ್ಕಳಿಗೆ ನಾಲ್ಕು ಪ್ರಶ್ನೆ ಕೊಟ್ಟೆ: ಹಕ್ಕಿ ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ, ಏನು ತಿನ್ನುತ್ತವೆ, ಕೆರೆ ಬತ್ತಿದ ವರ್ಷ ಏನಾಯಿತು. ಮನೆಯ ಹಿರಿಯರನ್ನು ಕೇಳಿ ಬರೆದು ತರಬೇಕು. ತಂದರು. ಒಬ್ಬರ ಮುತ್ಯಾ ದೀಪಾವಳಿ ಹೊತ್ತಿಗೆ ಬರುತ್ತವೆ ಎಂದರೆ ಇನ್ನೊಬ್ಬರ ಅಜ್ಜಿ ಚಳಿ ಬಿದ್ದ ಮೇಲೆ ಎಂದಿದ್ದರು. ಎರಡೂ ಸರಿಯಿರಬಹುದೇ ಎಂದು ಕೇಳಿದಾಗ ತರಗತಿಯಲ್ಲಿ ನಡೆದ ವಾದ ನನ್ನ ಇಡೀ ಇಂಟರ್ನ್‌ಶಿಪ್‌ನಲ್ಲಿ ಮತ್ತೆ ನಡೆಯಲಿಲ್ಲ. ಬೆಳೆ ತಿನ್ನುವ ಹಕ್ಕಿಯನ್ನು ಉಳಿಸಬೇಕೇ ಎಂಬ ಪ್ರಶ್ನೆ ನಾನು ಕೇಳಬೇಕಾಗಿ ಬರಲಿಲ್ಲ, ಅವರೇ ಎತ್ತಿದರು. ಒಬ್ಬ ಹುಡುಗಿ ಕೇಳಿದಳು: “ಟೀಚರ್, ಆ ಕಡೆ ಊರಿನ ಹುಡುಗರ ಪುಸ್ತಕದಾಗ ನಮ್ಮ ಕೆರಿ ಹೆಸರು ಐತೇನ್ರಿ?” ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಗಂಟೆ ಬಾರಿಸಿದಾಗ ವಿವರಣೆಯ ಹಂತವೇ ಮುಗಿದಿರಲಿಲ್ಲ. ‘ಸಮಯ ಪಾಲನೆ ಗಮನಿಸಿ’ ಎಂಬ ಷರಾ ಬಂತು. ಅದೂ ನ್ಯಾಯವೇ.

ಆ ಪಾಠಕ್ಕಾಗಿ ನಾಲ್ಕು ಪುಟದ ಒಂದು ಓದು ಸಾಮಗ್ರಿ ಬರೆದಿದ್ದೆ. ಮಕ್ಕಳ ಬಿಡಿಸಿದ ಚಿತ್ರಗಳು, ಹಿರಿಯರು ಹೇಳಿದ್ದು, ಹಿಮೋಗ್ಲೋಬಿನ್ ಬಗ್ಗೆ ಸರಳವಾಗಿ ಒಂದು ಪುಟ. ಇಂಟರ್ನ್‌ಶಿಪ್ ಮುಗಿದಾಗ ಅದನ್ನೂ ರೆಕಾರ್ಡಿಗೆ ಅಂಟಿಸಿ ಸಲ್ಲಿಸಿದೆ. ಸಲ್ಲಿಸುವಾಗ ಕಪಾಟಿನ ಬಾಗಿಲು ತೆರೆದಿತ್ತು. ಹಿಂದಿನ ವರ್ಷಗಳ ರೆಕಾರ್ಡುಗಳು ಕಟ್ಟುಕಟ್ಟಾಗಿ ಇದ್ದವು. ಕೆಲವು ವರ್ಷ ಇಟ್ಟುಕೊಂಡು ಜಾಗ ಸಾಲದಾದಾಗ ರದ್ದಿಗೆ ಹೋಗುತ್ತವೆ ಎಂಬುದು ನಮಗೆಲ್ಲ ಗೊತ್ತಿರುವ ಮಾತೇ. ಒಂದು ಲೆಕ್ಕ ಹಾಕಿ ನೋಡಿ. ಒಂದು ತಂಡದಲ್ಲಿ 100 ಪ್ರಶಿಕ್ಷಣಾರ್ಥಿಗಳು, ತಲಾ 20 ಪಾಠ ಎಂದರೆ 2,000 ಪಾಠ ಯೋಜನೆಗಳು. ಎಲ್ಲವೂ ಕನ್ನಡದಲ್ಲಿ ಇಲ್ಲದಿರಬಹುದು, ಎಲ್ಲವೂ ಒಳ್ಳೆಯವಲ್ಲ. ಇಪ್ಪತ್ತರಲ್ಲಿ ಒಂದು ಚೆನ್ನಾಗಿದ್ದರೂ ಒಂದು ತಂಡದಿಂದ ನೂರು ಪಾಠಗಳಾದವು. ಅವುಗಳಲ್ಲಿ ಒಂದನ್ನಾದರೂ ಕಾಲೇಜಿನ ಹೊರಗಿನ ಯಾವ ಶಿಕ್ಷಕರಾದರೂ ನೋಡಿದ್ದಾರೆಯೇ?

ಈ ಲೇಖನ ಮುಕ್ತ ಶಿಕ್ಷಣದ ಬಗ್ಗೆ. ಮುಕ್ತ ಶಿಕ್ಷಣ ಎಂದೊಡನೆ ನಮ್ಮ ಸೆಮಿನಾರುಗಳಲ್ಲಿ ಬರುವುದು ಸ್ವಯಂ, ಎನ್‌ಪಿಟಿಇಎಲ್, ದೀಕ್ಷಾ, ಖಾನ್ ಅಕಾಡೆಮಿ ಎಂಬ ಹೆಸರುಗಳ ಪಟ್ಟಿ. ಪಿಪಿಟಿಯಲ್ಲಿ ಒಂದೊಂದಕ್ಕೆ ಒಂದೊಂದು ಸ್ಲೈಡು. ಅವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಕ್ಷ್ಮೇಶ್ವರದಲ್ಲಿ ಕೂತು ಐಐಟಿಯ ಪ್ರಾಧ್ಯಾಪಕರ ಪಾಠವನ್ನು ನಾನೂ ಕೇಳಿದ್ದೇನೆ. (ಮೂರು ಕೋರ್ಸಿಗೆ ಹೆಸರು ಹಚ್ಚಿ ಮುಗಿಸಿದ್ದು ಒಂದೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.) ಆದರೆ ಈ ಪಟ್ಟಿಯಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಒಂದು ಮಾಡುತ್ತೇವೆ. ಪುಕ್ಕಟೆ ಸಿಗುವುದು ಒಂದು, ಮುಕ್ತವಾಗಿರುವುದು ಇನ್ನೊಂದು. ನಾನು ತೋರಿಸಿದ ವಿಡಿಯೊ ಪುಕ್ಕಟೆಯಾಗಿತ್ತು. ಅದರಲ್ಲಿನ ಭರತಪುರದ ತಪ್ಪನ್ನು ತಿದ್ದುವ, ಕನ್ನಡದ ದನಿ ಸೇರಿಸುವ, ಮಾಗಡಿ ಕೆರೆಯ ಚಿತ್ರ ಹಾಕಿ ಇನ್ನೊಬ್ಬ ಶಿಕ್ಷಕರಿಗೆ ಕೊಡುವ ಹಕ್ಕು ನನಗಿರಲಿಲ್ಲ.

‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಮಾತು ಹುಟ್ಟಿದ್ದು 2002ರಲ್ಲಿ ಯುನೆಸ್ಕೊ ನಡೆಸಿದ ಒಂದು ಸಭೆಯಲ್ಲಿ. 2019ರ ನವೆಂಬರ್‌ನಲ್ಲಿ ಯುನೆಸ್ಕೊ ಇದರ ಬಗ್ಗೆ ಸದಸ್ಯ ದೇಶಗಳಿಗೆ ಶಿಫಾರಸನ್ನೇ ಹೊರಡಿಸಿತು. ಡೇವಿಡ್ ವೈಲಿ ಎಂಬ ಅಮೆರಿಕದ ಶಿಕ್ಷಣತಜ್ಞರು ಹೇಳಿದ ಐದು ಹಕ್ಕುಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರೊಂದಿಗೆ ಬೆರೆಸುವುದು, ಹಂಚುವುದು. ಮೊದಲಿನ ಎರಡನ್ನು ನಾವು ಧಾರಾಳವಾಗಿ ಮಾಡುತ್ತೇವೆ. ಶಿಕ್ಷಕನ ಕೆಲಸ ಇರುವುದು ಮೂರನೆಯದರಲ್ಲಿ. ಈ ಹಕ್ಕುಗಳನ್ನು ಬರೆದಿಡುವ ವಿಧಾನವೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ‘ಸಿಸಿ ಬೈ-ಎಸ್ಎ’ ಎಂದು ಪುಟದ ಕೆಳಗೆ ಇದ್ದರೆ ಅದರ ಅರ್ಥ ಇಷ್ಟೇ: ಬಳಸಿ, ತಿದ್ದಿ, ಮೂಲದವರ ಹೆಸರು ಹೇಳಿ, ನೀವು ತಿದ್ದಿದ್ದನ್ನೂ ಇದೇ ಷರತ್ತಿನ ಮೇಲೆ ಹಂಚಿ. ವಿಕಿಪೀಡಿಯ ನಡೆಯುತ್ತಿರುವುದು ಇದೇ ಷರತ್ತಿನ ಮೇಲೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇಂಥ ಪರವಾನಗಿಯಡಿ ಬಿಟ್ಟುಕೊಟ್ಟದ್ದು ನಮ್ಮ ನುಡಿಗೆ ಆದ ದೊಡ್ಡ ಉಪಕಾರ.

ಇನ್ನೂ ಹತ್ತಿರದ ಉದಾಹರಣೆ ನಮ್ಮ ರಾಜ್ಯದ ಶಿಕ್ಷಕರದ್ದೇ ಇದೆ, ನಮ್ಮ ಸೆಮಿನಾರಿನ ಪಟ್ಟಿಯಲ್ಲಿ ಮಾತ್ರ ಅದು ಬರುವುದು ಕಡಿಮೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ಚಿಕ್ಕದಾಗಿ ‘ಕೋಯರ್’. ಡಿಎಸ್‌ಇಆರ್‌ಟಿ ಮತ್ತು ಮಾಧ್ಯಮಿಕ ಶಿಕ್ಷಾ ಅಭಿಯಾನದೊಂದಿಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕಳೆದ ದಶಕದಲ್ಲಿ ಕಟ್ಟಿದ್ದು. ವಿಕಿಪೀಡಿಯದಂತೆಯೇ ಅದೊಂದು ವಿಕಿ. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರೇ ಅದರಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. ಜಿಯೋಜೀಬ್ರಾ ಕಡತಗಳನ್ನು ಮಾಡಿದರು, ಪರಿಕಲ್ಪನಾ ನಕ್ಷೆಗಳನ್ನು ಹಾಕಿದರು. ಅದರ ಕೆಲವು ಪುಟಗಳು ಅರ್ಧಕ್ಕೆ ನಿಂತಿವೆ, ಕೆಲವು ಕಡೆ ಶೀರ್ಷಿಕೆ ಮಾತ್ರ ಇದೆ. ಮೊದಲ ಸಲ ನೋಡಿದಾಗ ನನಗೂ ಬೇಸರವಾಯಿತು. ಆಮೇಲೆ ಯೋಚಿಸಿದೆ: ಆ ಖಾಲಿ ಶೀರ್ಷಿಕೆಯ ಕೆಳಗೆ ಏನಿರಬೇಕೋ ಅದನ್ನು ನಾವು ಪ್ರತಿ ವರ್ಷ ಬರೆಯುತ್ತೇವೆ. ಬರೆದು ಕಪಾಟಿಗೆ ಇಡುತ್ತೇವೆ.

ಇಲ್ಲಿ ಒಂದು ಗುಟ್ಟಿನ ಮಾತನ್ನೂ ಹೇಳಿಬಿಡಬೇಕು. ಗುರುಗಳು ಕ್ಷಮಿಸಬೇಕು, ಸಹಪಾಠಿಗಳು ಸಿಟ್ಟಾಗಬಾರದು. ನಮ್ಮಲ್ಲಿ ಮುಕ್ತ ಹಂಚಿಕೆ ಈಗಾಗಲೇ ಜೋರಾಗಿದೆ. ಹಿರಿಯ ತಂಡದವರ ರೆಕಾರ್ಡು ಹಾಸ್ಟೆಲಿನಿಂದ ಹಾಸ್ಟೆಲಿಗೆ, ವಾಟ್ಸಾಪಿನಿಂದ ವಾಟ್ಸಾಪಿಗೆ ಹೋಗುತ್ತಲೇ ಇರುತ್ತದೆ. ದಿನಾಂಕ, ಶಾಲೆಯ ಹೆಸರು ಬದಲಾಗುತ್ತದೆ, ಒಳಗಿನ ತಪ್ಪುಗಳು ಹಾಗೇ ಉಳಿಯುತ್ತವೆ. ಬರೆದವರ ಹೆಸರು ಇರುವುದಿಲ್ಲ, ತಿದ್ದುವವರು ಇರುವುದಿಲ್ಲ. ಇದನ್ನು ನಾವು ನಕಲು ಎಂದು ಕರೆದು ನಾಚಿಕೊಳ್ಳುತ್ತೇವೆ, ನಾಚಿಕೊಂಡೇ ಮಾಡುತ್ತೇವೆ. ಅದೇ ಪಾಠ ಹೆಸರಿನ ಸಮೇತ ಎಲ್ಲರಿಗೂ ಕಾಣುವಂತೆ ಇದ್ದಿದ್ದರೆ? ‘ಈ ಪಾಠವನ್ನು ಹಿಂದಿನ ವರ್ಷ ಇಂಥವರು ಬರೆದರು, ನಾನು ಅದರ ಎರಡನೆಯ ಚಟುವಟಿಕೆಯನ್ನು ಬದಲಿಸಿದೆ, ಯಾಕೆಂದರೆ ಅದು ನನ್ನ ತರಗತಿಯಲ್ಲಿ ನಡೆಯಲಿಲ್ಲ’ ಎಂದು ಬರೆಯುವ ಪ್ರಶಿಕ್ಷಣಾರ್ಥಿ ಕಳ್ಳನಲ್ಲ. ಇಪ್ಪತ್ತು ಪಾಠಗಳನ್ನು ಹೊಸದಾಗಿ ಬರೆದಂತೆ ನಟಿಸುವವನಿಗಿಂತ ಅವನು ಹೆಚ್ಚು ಕಲಿತಿರುತ್ತಾನೆ. ಅವನಿಗೆ ಅಂಕ ಕೊಡುವ ಕಲಂ ನಮ್ಮ ಮೌಲ್ಯಮಾಪನ ಹಾಳೆಯಲ್ಲಿ ಇಲ್ಲ.

ನಮ್ಮ ನೆಲಕ್ಕೆ ಈ ಬಗೆಯ ಯೋಚನೆ ಹೊಸದೇನಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೈತರು ತಮ್ಮ ತಮ್ಮ ಸಣ್ಣ ಪಾಲು ಹಾಕಿ, ಬೇಕಾದಾಗ ಅದರಿಂದ ಸಾಲ ಪಡೆಯುವ ಏರ್ಪಾಡು. ಹೋಲಿಕೆ ಪೂರ್ತಿ ಕೂಡುವುದಿಲ್ಲ, ದುಡ್ಡು ಕೊಟ್ಟರೆ ಪೆಟ್ಟಿಗೆ ಬರಿದಾಗುತ್ತದೆ, ಪಾಠ ಕೊಟ್ಟರೆ ಆಗುವುದಿಲ್ಲ. ಆದರೂ ಪಾಲು ಹಾಕದೆ ಬರೀ ತೆಗೆಯುವವರೇ ಇದ್ದರೆ ಎರಡೂ ನಿಂತುಹೋಗುತ್ತವೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು, ಸ್ಟಾಫ್ ರೂಮಿನಲ್ಲಿ ಕೇಳಿಸಿಕೊಂಡಿದ್ದೇನೆ. ಮೊದಲನೆಯದು, ನೆಟ್‌ವರ್ಕ್ ಎಲ್ಲಿದೆ, ಮಕ್ಕಳ ಮನೆಯಲ್ಲಿ ಮೊಬೈಲ್ ಎಲ್ಲಿದೆ ಎಂಬುದು. ಸರಿಯಾದ ಮಾತು. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಇಂಟರ್ನ್‌ಶಿಪ್ ಮಾಡಿದ ಗೆಳತಿಯರು ಸಿಗ್ನಲ್‌ಗಾಗಿ ಮಾಳಿಗೆ ಹತ್ತಿದ್ದಾರೆ. ಮನೆಯ ಒಂದೇ ಮೊಬೈಲು ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ. ಆದರೆ ಮುಕ್ತ ಸಾಮಗ್ರಿಯ ಉಪಯೋಗ ಇಂಥ ಕಡೆಯೇ ಹೆಚ್ಚು, ಯಾಕೆಂದರೆ ಅದನ್ನು ಇಳಿಸಿ ಒಯ್ಯಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುತ್ತವೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಮೆಮರಿ ಕಾರ್ಡಿನಲ್ಲಿ ಹಾಕಿಕೊಂಡು ಶಾಲೆಗೆ ಹೋಗಬಹುದು. ಇದಾವುದೂ ಇಲ್ಲದಿದ್ದರೆ ನಾಲ್ಕು ಪುಟ ಜೆರಾಕ್ಸ್ ಮಾಡಿಸಿದರೂ ನಡೆಯುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ವಿದ್ಯಾಗಮದ ಹೆಸರಿನಲ್ಲಿ ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದ ಶಿಕ್ಷಕರಿಗೆ ಬೇಕಾಗಿದ್ದದ್ದು ಅಂಥ ನಾಲ್ಕು ಪುಟಗಳೇ. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಇಂಟರ್ನ್‌ಶಿಪ್‌ಗೆ ಹೋದ ಊರಿನ ಅರಿವು ಕೇಂದ್ರವನ್ನು ನಮ್ಮಲ್ಲಿ ಎಷ್ಟು ಜನ ಒಮ್ಮೆಯಾದರೂ ಹೊಕ್ಕು ನೋಡಿದ್ದೇವೆ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಇನ್ನೂ ಕಲಿಯುತ್ತಿರುವವರು ಬರೆದದ್ದನ್ನು ಲೋಕಕ್ಕೆ ತೋರಿಸಿದರೆ ತಪ್ಪುಗಳೂ ಹೊರಗೆ ಹೋಗುವುದಿಲ್ಲವೇ? ನನ್ನ ಹೆಬ್ಬಾತಿನ ಪುಟಗಳೇ ಸಾಕ್ಷಿ. ಮೊದಲ ಕರಡಿನಲ್ಲಿ ಅವು ಸೈಬೀರಿಯಾದಿಂದ ಬರುತ್ತವೆ ಎಂದು ಬರೆದಿದ್ದೆ, ವಿಡಿಯೊದ ಗುಂಗು ಇನ್ನೂ ಇಳಿದಿರಲಿಲ್ಲ. ಕೆರೆಯಲ್ಲಿರುವ ಹಕ್ಕಿ ಎಂದ ಮೇಲೆ ಮೀನು ತಿನ್ನುತ್ತದೆ ಎಂದೂ ಬರೆದಿದ್ದೆ. ಮೊದಲನೆಯದನ್ನು ನಾನೇ ಓದಿ ತಿದ್ದಿಕೊಂಡೆ. ಎರಡನೆಯದನ್ನು ತಿದ್ದಿದ್ದು ಮಕ್ಕಳು: “ಮೀನ ತಿನ್ನೂದಿಲ್ರಿ ಟೀಚರ್, ಹುಲ್ಲು, ಕಾಳು ತಿಂತಾವು.” ಅಂದರೆ ಯಾರೂ ನೋಡದೆ ಇದ್ದಿದ್ದರೆ ಆ ತಪ್ಪು ಇಂದಿಗೂ ಕಪಾಟಿನಲ್ಲಿ ಸುರಕ್ಷಿತವಾಗಿರುತ್ತಿತ್ತು. ಆದರೂ ಈ ಆಕ್ಷೇಪಕ್ಕೆ ಮಣಿದು ಒಂದು ಮಾತು ಒಪ್ಪುತ್ತೇನೆ: ಬೋಧನಾ ವಿಷಯದ ಪ್ರಾಧ್ಯಾಪಕರೊಬ್ಬರು ಓದಿ ಒಪ್ಪಿದ ಮೇಲೆಯೇ ಪಾಠ ಹೊರಗೆ ಹೋಗಬೇಕು. ಮಕ್ಕಳ ಹೆಸರು, ಮುಖ ಅದರಲ್ಲಿ ಇರಲೇಬಾರದು. ಗೂಗಲ್‌ನಿಂದ ಎತ್ತಿದ ಚಿತ್ರವೂ ಇರಬಾರದು. ಈ ಕೊನೆಯ ನಿಯಮ ಹಾಕಿದರೆ ನಮ್ಮ ಅರ್ಧ ರೆಕಾರ್ಡುಗಳು ತೇರ್ಗಡೆಯಾಗುವುದಿಲ್ಲ ಎಂದು ನನಗೆ ಗೊತ್ತು. ನಾವೇ ಮೊಬೈಲಿನಲ್ಲಿ ತೆಗೆದ ಚಿತ್ರ ಹಾಕುವ ಅಭ್ಯಾಸ ಆಗ ತಾನಾಗಿ ಬರುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದೇನು? ಇಪ್ಪತ್ತೂ ಪಾಠಗಳನ್ನಲ್ಲ. ಪ್ರತಿ ಪ್ರಶಿಕ್ಷಣಾರ್ಥಿಯಿಂದ ಒಂದೇ ಪಾಠ, ಅದೂ ತಾನು ಇಂಟರ್ನ್‌ಶಿಪ್ ಮಾಡಿದ ಊರಿನಿಂದ ಎತ್ತಿದ್ದು. ಬೆಟಗೇರಿಯ ಮಗ್ಗದ ಮುಂದೆ ಕೂತರೆ ಹಾಸು ಹೊಕ್ಕಿನಲ್ಲಿ ವಿನ್ಯಾಸಗಳ ಗಣಿತವಿದೆ. ಮುಂಡರಗಿಯವರಿಗೆ ಹಮ್ಮಿಗಿಯ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿ ಇದೆ. ನೀರನ್ನು ಮೇಲಕ್ಕೆತ್ತಲು ಎಷ್ಟು ಶಕ್ತಿ ಬೇಕು ಎಂಬ ಲೆಕ್ಕಕ್ಕೆ ಪುಸ್ತಕದ ಕಾಲ್ಪನಿಕ ತೊಟ್ಟಿ ಯಾಕೆ? ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಮುಂದೆ ಆಡಿ ಬೆಳೆದ ನನಗೆ ಅದರ ಕಲ್ಲು ಯಾವ ಜಾತಿಯದು ಎಂದು ಇಂದಿಗೂ ಯಾರೂ ಕಲಿಸಿಲ್ಲ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರವನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ, ಶಕ್ತಿಯ ರೂಪಾಂತರ ಎಂದಾಗ ಮಾತ್ರ ನಾವು ಚಾರ್ಟಿನಲ್ಲಿ ಬರೆದ ಚಿತ್ರ ತೋರಿಸುತ್ತೇವೆ.

ಆ ಒಂದು ಪಾಠವನ್ನು ಪರವಾನಗಿಯ ಸಾಲು ಬರೆದು ಕೋಯರ್‌ನಲ್ಲಿ ಹಾಕಬಹುದು. ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಾಕಬಹುದು. ಏನೂ ಆಗದಿದ್ದರೆ ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಎರಡು ಪಾಠ ಅಚ್ಚಾಗಲಿ. ಮುಂದಿನ ತಂಡದವರು ತಮ್ಮ ಪಾಠಗಳಲ್ಲಿ ಒಂದನ್ನು ಹೀಗೆ ಹಂಚಿದ ಹಳೆಯ ಪಾಠದಿಂದಲೇ ಎತ್ತಿಕೊಂಡು ಮಾಡಲಿ, ಎಲ್ಲಿ ಸೋತಿತು ಎಂದು ಬರೆಯಲಿ. ಅದಕ್ಕೂ ಅಂಕವಿರಲಿ. ಹೊಸ ಪಾಠಕ್ಕೆ ಇರುವಷ್ಟೇ ಅಂಕ. ಅಂಕವಿಲ್ಲದೆ ನಾವು ಏನನ್ನೂ ಮಾಡುವುದಿಲ್ಲ ಎಂಬ ಸತ್ಯವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನನ್ನ ಹೆಬ್ಬಾತಿನ ಪಾಠವನ್ನು ರೆಕಾರ್ಡಿನಿಂದ ಪ್ರತಿ ಮಾಡಿಕೊಂಡು ಮತ್ತೆ ಬರೆದಿದ್ದೇನೆ. ಕೆಳಗೆ ಪರವಾನಗಿಯ ಸಾಲು ಹಾಕಿದ್ದೇನೆ. ವಿಜ್ಞಾನ ಬೋಧನಾ ವಿಭಾಗದ ಗುರುಗಳ ಮೇಜಿನ ಮೇಲೆ ಅದರ ಪ್ರತಿಯಿದೆ. ವಿವರಣೆಯ ಹಂತ ಇನ್ನೂ ಉದ್ದವಾಗಿದೆ, ನಲವತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ಬೆಳೆ ತಿನ್ನುವ ಹಕ್ಕಿಯ ಬಗ್ಗೆ ಮಕ್ಕಳು ಎತ್ತಿದ ಪ್ರಶ್ನೆಯನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದೆ ಕೊನೆಯಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಮುಂದಿನ ತಂಡದಲ್ಲಿ ಶಿರಹಟ್ಟಿ ಕಡೆಗೆ ಇಂಟರ್ನ್‌ಶಿಪ್ ಹೋಗುವವರು ಅದನ್ನು ಒಯ್ಯಲಿ, ಚಳಿಗಾಲದಲ್ಲಿ ಹೋಗುವವರಾದರೆ ಮಾಗಡಿಯಲ್ಲಿ ಬಸ್ಸಿನಿಂದ ಇಳಿದು ಕೆರೆ ನೋಡಿ ಆಮೇಲೆ ಆ ಪುಟ ತುಂಬಿಸಲಿ.